ನಾಬ್ ಒಂದು, ಕೆಲಸ ಎರಡು: ಮಿಡಿ ಕೀಬೋರ್ಡ್ ಹೊಂದಿಸುವವರು ಎಡವುವ ಜಾಗ

ರಿವರ್ಬ್ ಹೆಚ್ಚಿಸಲೆಂದು ನಾಬ್ ತಿರುಗಿಸುತ್ತಾರೆ. ರಿವರ್ಬ್ ಏನೋ ಹೆಚ್ಚುತ್ತದೆ, ಜೊತೆಗೆ ಕೊಳಲಿನ ದನಿಯೂ ಏರುತ್ತದೆ. ಇಳಿಸಹೋದರೆ ಕೊಳಲೇ ಮಾಯ! ಕೀಬೋರ್ಡ್ ಕೆಟ್ಟಿತೆಂದು ಡಬ್ಬಕ್ಕೆ ತುಂಬಿ ಅಂಗಡಿಗೆ ಹೊತ್ತೊಯ್ದವರನ್ನು ಕಂಡಿದ್ದೇನೆ. ಕೀಬೋರ್ಡ್ ಕೆಟ್ಟಿರುವುದಿಲ್ಲ, ನಂಬರ್ ತಪ್ಪಿರುತ್ತದೆ.

ಬಾಗೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯಲ್ಲಿ ನಾಟಕ, ಭಜನೆ, ವಚನ ಗಾಯನಕ್ಕೆ ಬರವಿಲ್ಲ. ಇದೇ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರ ರಂಗತಂಡ 1997ರಿಂದ ನಾಟಕ ಕಟ್ಟಿಕೊಂಡು ನಾಡು ಸುತ್ತುತ್ತಿದೆ. ಹಾರ್ಮೋನಿಯಂ ಕಲಿತ ಹುಡುಗರು ಈಗ ಲ್ಯಾಪ್‌ಟಾಪ್ ಪಕ್ಕದಲ್ಲಿ 25 ಕೀಲಿಗಳ ಪುಟ್ಟ ಕೀಬೋರ್ಡ್ ಇಟ್ಟುಕೊಂಡು ಹಾಡಿನ ಟ್ರ್ಯಾಕ್‌ಗಳನ್ನು ಮನೆಯಲ್ಲೇ ಮಾಡುತ್ತಿದ್ದಾರೆ. ಕೈಯಲ್ಲಿ ಸ್ವರವಿದೆ, ಕಿವಿಯಲ್ಲಿ ಶ್ರುತಿಯಿದೆ. ತೊಡಕೆಲ್ಲ ಕೀಬೋರ್ಡಿನ ಮೇಲಿನ ಎಂಟು ನಾಬ್‌ಗಳಲ್ಲಿ.

ಹಿನ್ನೆಲೆ ಇಷ್ಟು ಸಾಕು. 1983ರಲ್ಲಿ ಬಂದ ಮಿಡಿ ಎಂಬ ವ್ಯವಸ್ಥೆ ದನಿಯನ್ನು ಕಳಿಸುವುದಿಲ್ಲ, ಸೂಚನೆಯನ್ನು ಮಾತ್ರ ಕಳಿಸುತ್ತದೆ. 16 ಚಾನೆಲ್‌ಗಳಿವೆ. ನಾಬ್, ಸ್ಲೈಡರ್, ಪೆಡಲ್‌ಗಳು ಕಳಿಸುವ ಸೂಚನೆಗೆ ಸಿಸಿ (ಕಂಟ್ರೋಲ್ ಚೇಂಜ್) ಎಂದು ಹೆಸರು. ಪ್ರತಿ ಸಿಸಿಗೂ ಒಂದು ನಂಬರ್, ಆ ನಂಬರಿಗೆ 0ಯಿಂದ 127ರವರೆಗೆ ಒಂದು ಬೆಲೆ. ಯಾವ ನಂಬರ್ ಬಂದರೆ ಯಾವ ಕೆಲಸ ಆಗಬೇಕೆಂದು ಸಾಫ್ಟ್‌ವೇರಿಗೆ ಕಲಿಸುವುದೇ ಮ್ಯಾಪಿಂಗ್.

ಉದಾಹರಣೆಗೆ, ಹಾಡು ರೆಕಾರ್ಡ್ ಮಾಡುವ ರೀಪರ್ ಸಾಫ್ಟ್‌ವೇರನ್ನು ಇಟ್ಟುಕೊಳ್ಳೋಣ. 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು, ಸಣ್ಣ ಬಳಕೆದಾರರಿಗೆ ಲೈಸೆನ್ಸ್ 60 ಡಾಲರ್, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಕದ್ದ ಸಾಫ್ಟ್‌ವೇರ್ ಹಾಕಿಸಿಕೊಂಡು ಆಮೇಲೆ ವೈರಸ್ ಬಂತೆಂದು ಅಳುವುದಕ್ಕಿಂತ ಇದು ಲೇಸು.

ಮೊದಲು ಕೀಬೋರ್ಡನ್ನು ಲ್ಯಾಪ್‌ಟಾಪಿಗೆ ಚುಚ್ಚಿ, ಆಮೇಲೆ ರೀಪರ್ ತೆರೆಯಿರಿ. ಆಪ್ಶನ್ಸ್ ಮೆನುವಿನಲ್ಲಿ ಪ್ರಿಫರೆನ್ಸಸ್, ಅದರೊಳಗೆ ಮಿಡಿ ಇನ್‌ಪುಟ್ಸ್ (ಹಳೆಯ ಆವೃತ್ತಿಯಲ್ಲಿ ಮಿಡಿ ಡಿವೈಸಸ್). ಅಲ್ಲಿ ನಿಮ್ಮ ಕೀಬೋರ್ಡಿನ ಹೆಸರಿಗೆ ಎರಡು ಅನುಮತಿ ಕೊಡಬೇಕು. ಒಂದು ಇನ್‌ಪುಟ್‌ಗೆ, ಇನ್ನೊಂದು ಕಂಟ್ರೋಲ್ ಮೆಸೇಜಿಗೆ. ಎರಡನೆಯದನ್ನು ಮರೆಯುವವರೇ ಹೆಚ್ಚು. ಕೀಲಿ ಒತ್ತಿದರೆ ಸ್ವರ ಬರುತ್ತದೆ, ನಾಬ್ ತಿರುಗಿಸಿದರೆ ಏನೂ ಆಗುವುದಿಲ್ಲ ಅಂದರೆ ಮೊದಲು ಇದನ್ನೇ ನೋಡಿ.

ನಂತರ ಯಾವ ನಾಬ್ ಯಾವ ನಂಬರ್ ಕಳಿಸುತ್ತಿದೆ ಎಂದು ಪತ್ತೆ ಮಾಡಿ. ವಿಂಡೋಸ್‌ನಲ್ಲಿ ಮಿಡಿ-ಆಕ್ಸ್, ಮ್ಯಾಕ್‌ನಲ್ಲಿ ಮಿಡಿ ಮಾನಿಟರ್ ಎಂಬ ಉಚಿತ ಪ್ರೋಗ್ರಾಮ್‌ಗಳಿವೆ. ಒಂದೊಂದೇ ನಾಬ್ ತಿರುಗಿಸುತ್ತ, ಬರುವ ನಂಬರನ್ನು ಕಾಗದದ ಮೇಲೆ ಬರೆದುಕೊಳ್ಳಿ. ಕೆಲಸ ಮುಗಿದ ಮೇಲೆ ಮಿಡಿ-ಆಕ್ಸ್ ಮುಚ್ಚುವುದನ್ನು ಮರೆಯಬೇಡಿ. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಒಂದು ಪ್ರೋಗ್ರಾಮ್ ಹಿಡಿದುಕೊಂಡ ಮಿಡಿ ಪೋರ್ಟ್ ಇನ್ನೊಂದಕ್ಕೆ ಸಿಗುವುದಿಲ್ಲ.

ಈ ಕಾಗದದ ಕೆಲಸವನ್ನು ಯಾರೂ ಮಾಡುವುದಿಲ್ಲ. ನೇರವಾಗಿ ಸಾಫ್ಟ್‌ವೇರಿನ ‘ಲರ್ನ್’ ಒತ್ತುತ್ತಾರೆ, ನಾಬ್ ತಿರುಗಿಸುತ್ತಾರೆ, ಆಯಿತು ಅಂದುಕೊಳ್ಳುತ್ತಾರೆ. ಮೇಲೆ ಹೇಳಿದ ಕೊಳಲಿನ ಕಥೆ ಹುಟ್ಟುವುದು ಇಲ್ಲೇ.

ಕೆಲವು ನಂಬರ್‌ಗಳಿಗೆ ಮೊದಲೇ ಕೆಲಸ ಗೊತ್ತುಮಾಡಲಾಗಿದೆ. 1 ಮಾಡ್ಯುಲೇಶನ್, 7 ವಾಲ್ಯೂಮ್, 10 ಪ್ಯಾನ್, 11 ಎಕ್ಸ್‌ಪ್ರೆಶನ್, 64 ಸಸ್ಟೈನ್ ಪೆಡಲ್. ಇವನ್ನು ಹೆಚ್ಚಿನ ವಾದ್ಯದ ಪ್ಲಗಿನ್‌ಗಳು (ಸಾಫ್ಟ್‌ವೇರಿನೊಳಗೆ ಕೂರಿಸುವ ವಾದ್ಯಗಳು) ಯಾರೂ ಕಲಿಸದೆಯೇ ಅರ್ಥ ಮಾಡಿಕೊಳ್ಳುತ್ತವೆ. ನಿಮ್ಮ ನಾಬ್ 7ನ್ನು ಕಳಿಸುತ್ತಿದ್ದು, ಅದನ್ನೇ ರಿವರ್ಬ್‌ಗೆ ಕಲಿಸಿದಿರೆನ್ನಿ. ರೀಪರ್ ಆ ಸೂಚನೆಯನ್ನು ರಿವರ್ಬ್‌ಗೂ ಕೊಡುತ್ತದೆ, ರೆಕಾರ್ಡಿಂಗ್‌ಗೆ ಸಜ್ಜು (ಆರ್ಮ್) ಮಾಡಿಟ್ಟ ಟ್ರ್ಯಾಕಿನ ವಾದ್ಯಕ್ಕೂ ಬಿಡುತ್ತದೆ. ವಾದ್ಯ ಅದನ್ನು ವಾಲ್ಯೂಮ್ ಎಂದೇ ಓದುತ್ತದೆ. ನಾಬ್ 64 ಕಳಿಸುತ್ತಿದ್ದರಂತೂ ಫಜೀತಿ. ಬೆಲೆ 64 ಮುಟ್ಟಿದ ಕೂಡಲೇ ಪೆಡಲ್ ಒತ್ತಿದಂತಾಗಿ ಸ್ವರಗಳೆಲ್ಲ ಒಂದರ ಮೇಲೊಂದು ನಿಂತುಬಿಡುತ್ತವೆ.

ಇನ್ನೂ ಕೆಟ್ಟದ್ದೊಂದಿದೆ. ಹೀಗೆ ನುಸುಳಿದ ಸೂಚನೆ ನುಡಿಸಿದ ಸ್ವರಗಳ ಜೊತೆಯಲ್ಲೇ ರೆಕಾರ್ಡ್ ಆಗಿರುತ್ತದೆ. ಆಮೇಲೆ ಮ್ಯಾಪಿಂಗ್ ಕಿತ್ತುಹಾಕಿದರೂ ಹಾಡಿನ ಅದೇ ಜಾಗದಲ್ಲಿ ಕೊಳಲು ಕುಗ್ಗುತ್ತಲೇ ಇರುತ್ತದೆ. ದೆವ್ವ ಹಿಡಿದಂತೆ ಕಾಣುವ ಇಂಥ ಟ್ರ್ಯಾಕನ್ನು ಅಳಿಸಿ, ಮತ್ತೆ ನುಡಿಸಿ ಕೈ ಸೋತವರಿದ್ದಾರೆ. ಅಳಿಸಬೇಕಿಲ್ಲ. ಆ ತುಣುಕಿನ ಮೇಲೆ ಡಬಲ್ ಕ್ಲಿಕ್ ಮಾಡಿ ಮಿಡಿ ಎಡಿಟರ್ ತೆರೆಯಿರಿ. ಕೆಳಗಿನ ಪಟ್ಟಿಯಲ್ಲಿ 7ನೇ ನಂಬರ್ ಆರಿಸಿದರೆ ನುಸುಳಿದ ಗೆರೆಗಳೆಲ್ಲ ಕಾಣುತ್ತವೆ. ಅವನ್ನಷ್ಟೇ ಆಯ್ದು ಅಳಿಸಿ. ಸ್ವರಗಳಿಗೆ ಏನೂ ಆಗದು. ಆಮೇಲೂ ದನಿ ಸಣ್ಣದಾಗಿಯೇ ಇದ್ದರೆ ವಾದ್ಯ ಕೊನೆಯ ಬೆಲೆಯನ್ನು ಹಿಡಿದು ಕೂತಿದೆ ಎಂದರ್ಥ. ಪ್ಲಗಿನ್ ಒಳಗಿನ ವಾಲ್ಯೂಮ್ ಏರಿಸಿ.

ಬೇರಿನಿಂದಲೇ ಸರಿಮಾಡಬೇಕೆಂದರೆ ಕೀಬೋರ್ಡಿನಲ್ಲೇ ನಂಬರ್ ಬದಲಿಸಬೇಕು. 20ರಿಂದ 31, 102ರಿಂದ 119: ಈ ನಂಬರ್‌ಗಳಿಗೆ ಮಿಡಿ ನಿಯಮದಲ್ಲಿ ಯಾವ ಕೆಲಸವನ್ನೂ ಗೊತ್ತುಮಾಡಿಲ್ಲ. ಎಂಟು ನಾಬ್‌ಗಳಿಗೆ 20ರಿಂದ 27 ಕೊಟ್ಟುಬಿಡಿ. 120ರಿಂದ ಮೇಲಿನವನ್ನು ಮುಟ್ಟಬೇಡಿ, ಅವು ಎಲ್ಲ ಸ್ವರ ನಿಲ್ಲಿಸುವಂಥ ಕೆಲಸಗಳಿಗೆ ಮೀಸಲು. ನಂಬರ್ ಬದಲಿಸಲು ಕಂಪನಿಗಳೇ ಪ್ರೋಗ್ರಾಮ್ ಕೊಡುತ್ತವೆ: ಅಕಾಯ್ ಎಂಪಿಕೆ ಮಿನಿಗೆ ಪ್ರೋಗ್ರಾಮ್ ಎಡಿಟರ್, ನೊವೇಶನ್‌ಗೆ ಕಾಂಪೊನೆಂಟ್ಸ್, ಆರ್ಟೂರಿಯಾಗೆ ಮಿಡಿ ಕಂಟ್ರೋಲ್ ಸೆಂಟರ್, ಕಾರ್ಗ್‌ಗೆ ಕಂಟ್ರೋಲ್ ಎಡಿಟರ್. ಪರದೆಯ ಮೇಲೆ ಬದಲಿಸಿದರೆ ಸಾಲದು, ಕೀಬೋರ್ಡಿಗೆ ಕಳಿಸಬೇಕು. ಕೀಬೋರ್ಡಿನ ಒಂದನೇ ಪ್ರೋಗ್ರಾಮಿಗೆ (ಹೊಂದಿಕೆ ಉಳಿಸುವ ಜಾಗಕ್ಕೆ) ಬರೆದು ಎರಡನೆಯದನ್ನು ತೆರೆದು ಕೂತರೆ ಏನೂ ಬದಲಾಗಿರುವುದಿಲ್ಲ. ನಂಬರ್ ಬದಲಿಸುವ ಸೌಕರ್ಯವೇ ಇಲ್ಲದ ಕೀಬೋರ್ಡ್ ಆದರೆ, ನಾಬ್‌ಗಳನ್ನು ಮಿಕ್ಸಿಂಗ್ ಹೊತ್ತಿನಲ್ಲಿ ಮಾತ್ರ, ಟ್ರ್ಯಾಕಿನ ಆರ್ಮ್ ತೆಗೆದು ಬಳಸಿ.

ಈಗ ಕಲಿಸುವ ಕೆಲಸ. ರಿವರ್ಬ್ ಪ್ಲಗಿನ್ ತೆರೆದು ಬೇಕಾದ ಗುಂಡಿಯನ್ನು ಮೌಸ್‌ನಿಂದ ಒಮ್ಮೆ ಅಲುಗಾಡಿಸಿ. ಅದೇ ಕಿಟಕಿಯ ಮೇಲ್ಭಾಗದ ‘ಪ್ಯಾರಮ್’ ಒತ್ತಿ, ‘ಲರ್ನ್’ ಆರಿಸಿ, ಕೀಬೋರ್ಡಿನ ನಾಬ್ ತಿರುಗಿಸಿ. ನಂಬರ್ ಕಾಣಿಸಿದ ಮೇಲೆ ‘ಸಾಫ್ಟ್ ಟೇಕೋವರ್’ಗೆ ಟಿಕ್ ಹಾಕಿ ಓಕೆ ಕೊಡಿ. ಟಿಕ್ ಇಲ್ಲದಿದ್ದರೆ, ಪರದೆಯಲ್ಲಿ 100ರಲ್ಲಿದ್ದ ಬೆಲೆ ನಾಬ್ ಮುಟ್ಟಿದೊಡನೆ ಅದು ನಿಂತಿದ್ದ 20ಕ್ಕೆ ಧುಮುಕುತ್ತದೆ. ಟಿಕ್ ಇದ್ದರೆ ನಾಬ್ ಆ ಬೆಲೆಯನ್ನು ದಾಟುವ ತನಕ ಸಾಫ್ಟ್‌ವೇರ್ ಕಾಯುತ್ತದೆ. ಕೊನೆಯಿಲ್ಲದೆ ಸುತ್ತುವ ನಾಬ್ ಆದರೆ ಕೀಬೋರ್ಡಿನಲ್ಲೂ ರೀಪರ್‌ನಲ್ಲೂ ರಿಲೇಟಿವ್ ಮೋಡ್ ಬೇಕು. ಅದರಲ್ಲಿ ಮೂರು ಬಗೆಗಳಿವೆ, ಸರಿಹೊಂದುವುದನ್ನು ಹಾಕಿ ನೋಡಿಯೇ ತಿಳಿಯಬೇಕು.

ಪ್ಯಾಡ್‌ಗಳಿಗೆ ರೆಕಾರ್ಡ್, ಪ್ಲೇ ಕೆಲಸ ಕೊಡಲು ಆ್ಯಕ್ಷನ್ಸ್ ಪಟ್ಟಿಯಲ್ಲಿ ಬೇಕಾದ್ದನ್ನು ಆರಿಸಿ, ಶಾರ್ಟ್‌ಕಟ್ ಸೇರಿಸುವ ಬಟನ್ ಒತ್ತಿ, ಪ್ಯಾಡ್ ತಟ್ಟಿ. ಪ್ಯಾಡ್ ಸ್ವರದ ಬದಲು ಸಿಸಿ ಕಳಿಸುವಂತೆ, ‘ಮೊಮೆಂಟರಿ’ ರೀತಿಯಲ್ಲಿ ಇಡಿ. ‘ಟಾಗಲ್’ ಇದ್ದರೆ ಎರಡೆರಡು ಸಲ ತಟ್ಟಬೇಕಾಗುತ್ತದೆ.

ನಾಟಕದ ಹಾಡಿಗೆ ಟ್ರ್ಯಾಕ್ ಮಾಡುವವರಿಗೆ ಒಂದು ಮಾತು. ಒಬ್ಬರ ಶ್ರುತಿ ಎರಡು ಮನೆ, ಮತ್ತೊಬ್ಬರದು ಐದೂವರೆ ಮನೆ. ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಅನ್ನು ಕೀಬೋರ್ಡಿನಲ್ಲಿ ಮಾಡಿ, ಇಲ್ಲವೇ ಸಾಫ್ಟ್‌ವೇರಿನಲ್ಲಿ ಮಾಡಿ. ಎರಡೂ ಕಡೆ ಮಾಡಿದರೆ ಹಾಡುವವರ ಗಂಟಲಿಗೆ ಶಿಕ್ಷೆ. ಯಮಾಹಾ ಪಿಎಸ್‌ಆರ್‌ನಂಥ ಸ್ವಂತ ದನಿಯಿರುವ ಕೀಬೋರ್ಡಿನಲ್ಲಿ ಪ್ರತಿ ಸ್ವರವೂ ಎರಡೆರಡಾಗಿ ಕೇಳಿದರೆ ‘ಲೋಕಲ್ ಕಂಟ್ರೋಲ್’ ಆಫ್ ಮಾಡಿ.

ಬೇರೆ ಸಾಫ್ಟ್‌ವೇರ್‌ನವರಿಗೆ ಚುಟುಕಾಗಿ: ಏಬಲ್ಟನ್ ಲೈವ್‌ನಲ್ಲಿ ಕಂಟ್ರೋಲ್ ಮತ್ತು ಎಂ ಒತ್ತಿದರೆ ಮ್ಯಾಪಿಂಗ್ ತೆರೆದುಕೊಳ್ಳುತ್ತದೆ. ಎಫ್‌ಎಲ್ ಸ್ಟುಡಿಯೋದಲ್ಲಿ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ ‘ಲಿಂಕ್ ಟು ಕಂಟ್ರೋಲರ್’ ಆರಿಸಿ. ಕ್ಯೂಬೇಸ್ 12ರಿಂದ ಮಿಡಿ ರಿಮೋಟ್ ಇದೆ.

ರೀಪರ್‌ನಲ್ಲಿ ಪ್ಯಾಡ್‌ಗೆ ಕೊಟ್ಟ ಕೆಲಸ ಎಲ್ಲ ಪ್ರಾಜೆಕ್ಟಿಗೂ ಉಳಿಯುತ್ತದೆ. ಪ್ಲಗಿನ್‌ಗೆ ಕಲಿಸಿದ ನಾಬ್ ಆ ಪ್ರಾಜೆಕ್ಟಿನಲ್ಲಿ ಮಾತ್ರ. ಆದ್ದರಿಂದ ಎಲ್ಲ ಹೊಂದಿಸಿದ ಟ್ರ್ಯಾಕಿನ ಮೇಲೆ ರೈಟ್ ಕ್ಲಿಕ್ ಮಾಡಿ, ಟ್ರ್ಯಾಕ್ ಟೆಂಪ್ಲೇಟ್ ಆಗಿ ಇಂದೇ ಉಳಿಸಿಡಿ.