ಲ್ಯಾಪ್‌ಟಾಪಿಗೆ ನಾಲ್ಕು ವೈಫೈ ಇದ್ದಾಗ



ನಮ್ಮ ಸದಸ್ಯರ ಮನೆಗಳಲ್ಲಿ ಲ್ಯಾಪ್‌ಟಾಪ್ ಈಗ ಅಪರೂಪದ ವಸ್ತುವಲ್ಲ. ಜಗಲಿಯಲ್ಲಿ ಫೈಬರ್ ಸಂಪರ್ಕದ ರೌಟರ್, ಜೇಬಿನಲ್ಲಿ ಮೊಬೈಲಿನ ಹಾಟ್‌ಸ್ಪಾಟ್, ಅಂಗಳದಾಚೆ ದಾಯಾದಿಗಳ ಮನೆಯ ವೈಫೈ, ಪೇಟೆಗೆ ಹೋದರೆ ಸಂಘದ ಕಚೇರಿಯದು. ಹೀಗೆ ಒಂದೇ ಯಂತ್ರಕ್ಕೆ ನಾಲ್ಕು ದಾರಿಗಳಾಗಿವೆ. ದಾರಿ ಹೆಚ್ಚಾದಷ್ಟೂ ಅನುಕೂಲವೆಂದು ನಾವೂ ನಂಬಿದ್ದೆವು. ಹೋದ ಮಳೆಗಾಲದಲ್ಲಿ ಆ ನಂಬಿಕೆಗೆ ಪೆಟ್ಟು ಬಿತ್ತು.

ನಮ್ಮ ತಮ್ಮನ ಮಗಳು ವೃತ್ತಿಶಿಕ್ಷಣದ ಸೀಟಿಗಾಗಿ ತನಗೆ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ನಮೂದಿಸಲು ಕುಳಿತಿದ್ದಳು. ಅಂದೇ ಕೊನೆಯ ದಿನ. ಮಧ್ಯಾಹ್ನದ ಗಾಳಿಗೆ ಹಲಸಿನ ಕೊಂಬೆ ಮುರಿದು ಫೈಬರ್ ತಂತಿಯ ಮೇಲೆ ಬಿದ್ದಿತ್ತು. ಇನ್ವರ್ಟರಿಗೆ ಸಿಕ್ಕಿಸಿದ್ದ ರೌಟರ್ ಮಾತ್ರ ದೀಪ ಉರಿಸಿಕೊಂಡೇ ಇತ್ತು. "ದೊಡ್ಡಪ್ಪ, ವೈಫೈ ಪೂರ್ತಿ ಇದೆ, ಪುಟ ಮಾತ್ರ ತೆರೆಯೋದಿಲ್ಲ" ಎಂದಳು. ಆ ಕಡೆಯ ಸರ್ವರೇ ಕೆಟ್ಟಿರಬೇಕೆಂದು ನಾವು ದೊಡ್ಡ ತಿಳಿವಳಿಕಸ್ಥರಂತೆ ತೀರ್ಪು ಕೊಟ್ಟೆವು. ಫೋನಿನ ಹಾಟ್‌ಸ್ಪಾಟ್ ಹಾಕಿದ ಮೇಲೂ ಲ್ಯಾಪ್‌ಟಾಪ್ ಹಳೆಯ ರೌಟರನ್ನು ಬಿಟ್ಟಿರಲಿಲ್ಲ. ಅದನ್ನು ಕಂಡುಹಿಡಿಯುವಷ್ಟರಲ್ಲಿ ಒಂದು ಗಂಟೆ ಹೋಗಿತ್ತು. ಆಮೇಲಿನ ಅವಸರದಲ್ಲಿ ಮೂರನೆಯದಾಗಿ ಇರಬೇಕಾಗಿದ್ದ ಕಾಲೇಜು ಹದಿಮೂರನೆಯದಾಯಿತು. ತಿದ್ದಲು ಹೊತ್ತು ಉಳಿದಿರಲಿಲ್ಲ.

ಇಲ್ಲಿ ತಿಳಿಯಬೇಕಾದ ಸಂಗತಿ ಒಂದಿದೆ. ವೈಫೈ ಗುರುತಿನಲ್ಲಿ ಕಾಣುವ ಪಟ್ಟಿಗಳು ಲ್ಯಾಪ್‌ಟಾಪಿಗೂ ರೌಟರಿಗೂ ನಡುವಿನ ಬಲವನ್ನು ಮಾತ್ರ ಹೇಳುತ್ತವೆ. ರೌಟರಿನಿಂದಾಚೆ ಇಂಟರ್‌ನೆಟ್ ಇದೆಯೋ ಇಲ್ಲವೋ ಎಂಬುದನ್ನು ಅವು ಹೇಳುವುದಿಲ್ಲ. ಪಂಪು ಚೆನ್ನಾಗಿ ಓಡುತ್ತಿದ್ದು ಬಾವಿಯಲ್ಲಿ ನೀರಿಲ್ಲದಂತೆ ಇದು. ಆಗ ನೆಟ್‌ವರ್ಕಿನ ಹೆಸರಿನ ಕೆಳಗೆ 'ನೋ ಇಂಟರ್‌ನೆಟ್' ಎಂಬ ಸಣ್ಣ ಅಕ್ಷರಗಳು ಕಾಣುವುದುಂಟು. ಅವನ್ನು ಓದುವ ಅಭ್ಯಾಸ ನಮಗಿರಲಿಲ್ಲ.

ಎರಡನೆಯದು, ಲ್ಯಾಪ್‌ಟಾಪಿನ ಸ್ವಭಾವ. ಮೇವು ಇರಲಿ ಬಿಡಲಿ, ಸಂಜೆ ದನ ತನ್ನ ಹಳೆಯ ಕೊಟ್ಟಿಗೆಗೇ ನುಗ್ಗುವಂತೆ, ಅದೂ ಹಿಂದೆ ಸೇರಿಕೊಂಡ ನೆಟ್‌ವರ್ಕುಗಳನ್ನು ನೆನಪಿಟ್ಟುಕೊಂಡು ತಾನಾಗಿ ಸೇರುತ್ತದೆ. ಒಂದನ್ನು ಹಿಡಿದ ಮೇಲೆ, ಪಕ್ಕದಲ್ಲಿ ಉತ್ತಮವಾದದ್ದು ಬಂದರೂ ಸಾಮಾನ್ಯವಾಗಿ ಬಿಡದು. ಆದುದರಿಂದ ಆಯ್ಕೆ ನಮ್ಮ ಕೈಯಲ್ಲಿರಬೇಕು.

ವಿಂಡೋಸ್ 10 ಅಥವಾ 11 ಇರುವ ಲ್ಯಾಪ್‌ಟಾಪಿನಲ್ಲಿ ಸೆಟ್ಟಿಂಗ್ಸ್ ತೆರೆದು, ನೆಟ್‌ವರ್ಕ್ ವಿಭಾಗದ ವೈಫೈ ಪುಟದಲ್ಲಿ 'ಮ್ಯಾನೇಜ್ ನೋನ್ ನೆಟ್‌ವರ್ಕ್ಸ್' ಎಂಬುದನ್ನು ಒತ್ತಿರಿ. ಈವರೆಗೆ ಸೇರಿದ ನೆಟ್‌ವರ್ಕುಗಳೆಲ್ಲ ಅಲ್ಲಿ ಕಾಣುತ್ತವೆ. ನಮ್ಮ ಪಟ್ಟಿಯಲ್ಲಿ ಎಂದೋ ಮದುವೆಗೆ ಹೋಗಿದ್ದಾಗ ಉಳಿದ ಲಾಡ್ಜಿನದೂ ಇತ್ತು! ಬೇಡವಾದವುಗಳಿಗೆ 'ಫರ್‌ಗೆಟ್' ಕೊಡಿ. ದಾಯಾದಿಗಳ ವೈಫೈಯಂತೆ ಅಪರೂಪಕ್ಕೆ ಬೇಕಾಗುವವನ್ನು ಅಳಿಸದೆ, 'ಕನೆಕ್ಟ್ ಆಟೊಮ್ಯಾಟಿಕಲಿ' ಎಂಬುದನ್ನಷ್ಟೇ ತೆಗೆದರೆ ಸಾಕು. ಕರೆದಾಗ ಬರುತ್ತವೆ, ಕರೆಯದೆ ಬರುವುದಿಲ್ಲ. ಮನೆಯ ರೌಟರಿಗೆ ಮಾತ್ರ ಅದನ್ನು ಉಳಿಸಿಕೊಳ್ಳಬಹುದು.

ಹಾಟ್‌ಸ್ಪಾಟಿಗೆ ಇನ್ನೊಂದು ಎಚ್ಚರಿಕೆ ಬೇಕು. ಲ್ಯಾಪ್‌ಟಾಪ್ ಅದನ್ನು ಮನೆಯ ಸಂಪರ್ಕವೆಂದೇ ತಿಳಿದು ತನ್ನ ದೊಡ್ಡ ದೊಡ್ಡ ಅಪ್‌ಡೇಟುಗಳನ್ನು ಇಳಿಸಿಕೊಳ್ಳಲು ಹೊರಟರೆ ದಿನದ ಡೇಟಾ ಅಷ್ಟರಲ್ಲೇ ತೀರುತ್ತದೆ. ಹಾಟ್‌ಸ್ಪಾಟಿಗೆ ಸೇರಿದ ಮೇಲೆ ಅದರ ಗುಣವಿವರದಲ್ಲಿ 'ಮೀಟರ್ಡ್ ಕನೆಕ್ಷನ್' ಎಂಬುದನ್ನು ಹಾಕಿದರೆ ವಿಂಡೋಸಿನ ಹೆಚ್ಚಿನ ಅಪ್‌ಡೇಟುಗಳು ತಡೆದು ನಿಲ್ಲುತ್ತವೆ. ಹಳೆಯ ಲ್ಯಾಪ್‌ಟಾಪಿಗೆ ಹಾಟ್‌ಸ್ಪಾಟ್ ಕಾಣಿಸುವುದೇ ಇಲ್ಲವೆಂದು ಕೆಲವರು ಹೇಳುತ್ತಾರೆ. ಫೋನು 5 ಗಿಗಾಹರ್ಟ್ಸ್‌ನಲ್ಲಿ ಬಿತ್ತರಿಸುತ್ತಿದ್ದು, ಲ್ಯಾಪ್‌ಟಾಪಿಗೆ 2.4 ಮಾತ್ರ ತಿಳಿದಿದ್ದರೆ ಹೀಗಾಗುವುದು. ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ 2.4 ಆರಿಸಿದರೆ ಸರಿಹೋಗುತ್ತದೆ.

ಮನೆಯ ರೌಟರಿನಲ್ಲೂ ಅನೇಕ ವೇಳೆ ಈ ಎರಡೂ ಇರುತ್ತವೆ. ರೌಟರ್ ಇರುವ ಕೋಣೆಯಲ್ಲಿ 5 ವೇಗವಾಗಿರುತ್ತದೆ. ದಪ್ಪ ಕಲ್ಲುಗೋಡೆ ದಾಟಿ ಅಡಿಕೆ ಸುಲಿಯುವ ಚಪ್ಪರದವರೆಗೆ ಬರಬೇಕಾದರೆ 2.4ರದೇ ಮೇಲುಗೈ. ಎರಡಕ್ಕೂ ಬೇರೆ ಬೇರೆ ಹೆಸರಿಟ್ಟುಕೊಂಡರೆ ಜಾಗಕ್ಕೆ ತಕ್ಕಂತೆ ಆರಿಸಿಕೊಳ್ಳಬಹುದು.

ಪೇಟೆಯ ಹೋಟೆಲು, ಬಸ್ ನಿಲ್ದಾಣಗಳಲ್ಲಿ ಪಾಸ್‌ವರ್ಡ್ ಇಲ್ಲದ ವೈಫೈ ಸಿಕ್ಕರೆ ಪತ್ರಿಕೆ ಓದಿ, ಧಾರಣೆ ನೋಡಿ. ಬ್ಯಾಂಕಿನ ವ್ಯವಹಾರಕ್ಕೆ ಮಾತ್ರ ನಿಮ್ಮ ಹಾಟ್‌ಸ್ಪಾಟನ್ನೇ ಬಳಸಿರಿ. ಅಂಥ ಕಡೆ ವಿಂಡೋಸಿನಲ್ಲಿ ನೆಟ್‌ವರ್ಕಿನ ಬಗೆಯನ್ನು 'ಪಬ್ಲಿಕ್' ಎಂದೇ ಇಟ್ಟಿರತಕ್ಕದ್ದು.

ಕೊನೆಯ ದಿನದ ಅರ್ಜಿಯೇನಾದರೂ ಇದ್ದಲ್ಲಿ, ಹಿಂದಿನ ದಿನವೇ ರೌಟರನ್ನು ಆರಿಸಿ ಹಾಟ್‌ಸ್ಪಾಟಿನಿಂದ ಒಂದು ಪುಟ ತೆರೆದು ನೋಡಿರಿ. ಸಂದೇಹವಿರುವ ಸದಸ್ಯರು ಸಂಘಕ್ಕೆ ಅಡಿಕೆ ತರುವ ದಿನ ಲ್ಯಾಪ್‌ಟಾಪನ್ನೂ ತರಬಹುದು, ಚಾರ್ಜರ್ ಮರೆಯಬಾರದು.