ಕಾಡನ್ನು ತುಂಡು ಮಾಡದೆ ಊರು ಬೆಳೆಸೋಣ



ಕಾಡಂಚಿನ ಊರುಗಳ ಸಂಘದ ಸಭೆಯಲ್ಲಿ ಉಳಿತಾಯ, ಸಾಲ ಮರುಪಾವತಿಯ ಲೆಕ್ಕ ಮುಗಿದ ಮೇಲೆ ಬರುವ ಮಾತು ಒಂದೇ: "ರಾತ್ರಿ ಆನೆ ಬಂದಿತ್ತು ಕಣಕ್ಕ, ರಾಗಿಯೆಲ್ಲಾ ತುಳಿದು ಹಾಕ್ತು. ಮೊದಲು ಇಷ್ಟು ಬರ್ತಿರಲಿಲ್ಲ, ಈಗ ಯಾಕೆ?" ಇದಕ್ಕೆ ಹಲವು ಕಾರಣಗಳಿವೆ. ಅವುಗಳಲ್ಲಿ ದೊಡ್ಡದೊಂದನ್ನು ಈ ಪಾಠದಲ್ಲಿ ತಿಳಿಯೋಣ.

ಒಂದು ಉದಾಹರಣೆ

ನಮ್ಮ ಮನೆಯನ್ನೇ ನೆನೆಸಿಕೊಳ್ಳೋಣ. ಒಂದು ಕಡೆ ಅಡುಗೆಮನೆ, ಇನ್ನೊಂದು ಕಡೆ ನೀರಿನ ತೊಟ್ಟಿ. ಯಾರೋ ಬಂದು ನಡುವೆ ಅಡ್ಡಗೋಡೆ ಕಟ್ಟಿದರು. ಮನೆಯ ಅಳತೆ ಹೆಚ್ಚೇನೂ ಕಡಿಮೆ ಆಗಲಿಲ್ಲ. ಆದರೆ ನೀರಿಗೆ ಪಕ್ಕದವರ ಅಂಗಳ ದಾಟಿಯೇ ಹೋಗಬೇಕು. ಜಗಳ ಅಲ್ಲಿಂದಲೇ ಶುರು, ಅಲ್ವಾ?

ಕಾಡಿನ ಕಥೆಯೂ ಹೀಗೇ. 1973ರಲ್ಲಿ ಹುಲಿ ಯೋಜನೆಗೆ ಸೇರಿದ ಬಂಡೀಪುರ, ಪಕ್ಕದ ನಾಗರಹೊಳೆ, ತಮಿಳುನಾಡಿನ ಮುದುಮಲೆ, ಕೇರಳದ ವಯನಾಡು – ನಕ್ಷೆಯಲ್ಲಿ ನಾಲ್ಕು ಹೆಸರು, ಆನೆಗೆ ಒಂದೇ ಮನೆ. ದೊಡ್ಡ ಆನೆಗೆ ದಿನಕ್ಕೆ ಒಂದೂವರೆ ಕ್ವಿಂಟಾಲಿನಷ್ಟು ಮೇವು ಬೇಕು. ಒಂದೇ ಕಡೆ ನಿಂತರೆ ಹೊಟ್ಟೆ ತುಂಬದು. ಮಳೆಗಾಲಕ್ಕೆ ಒಂದು ಕಡೆ, ಬೇಸಿಗೆಗೆ ನೀರಿರುವ ಇನ್ನೊಂದು ಕಡೆ ಹೋಗುತ್ತದೆ. ಹಿರಿಯ ಹೆಣ್ಣಾನೆ ಮುಂದೆ, ಮಕ್ಕಳು ಮೊಮ್ಮಕ್ಕಳು ಹಿಂದೆ. ಈ ದಾರಿಯೇ ಆನೆ ದಾರಿ.

ಕಾಡು ತುಂಡಾಗುವುದು ಹೇಗೆ?

1. ರಸ್ತೆ: ಅಗಲವಾದಷ್ಟೂ ವಾಹನಗಳ ವೇಗ ಹೆಚ್ಚು. ಜಿಂಕೆ, ಚಿರತೆ ಚಕ್ರಕ್ಕೆ ಸಿಕ್ಕಿ ಸಾಯುತ್ತವೆ. ಮರದಿಂದ ಮರಕ್ಕೆ ಹೋಗುವ ಪ್ರಾಣಿಗಳಿಗೆ ಮೇಲಿನ ದಾರಿಯೂ ತಪ್ಪುತ್ತದೆ.

2. ಅಣೆಕಟ್ಟು, ನಾಲೆ: 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನಿಂದ ಗದ್ದೆಗಳಿಗೆ ನೀರು ಬಂತು. ಆದರೆ ಅದರ ಹಿನ್ನೀರು ಬಂಡೀಪುರ, ನಾಗರಹೊಳೆಗಳ ನಡುವಿನ ಕಣಿವೆಯನ್ನು ಮುಳುಗಿಸಿತು.

3. ಬೇಲಿ, ಕಂದಕ, ಕರೆಂಟ್ ಲೈನ್: ಬೆಳೆ ಉಳಿಯಲು ಬೇಲಿ ಬೇಕು, ನಿಜ. ಆದರೆ ಆನೆ ದಾರಿಗೇ ಅಡ್ಡ ಹಾಕಿದರೆ ಆನೆ ಪಕ್ಕದ ಊರಿಗೆ ನುಗ್ಗುತ್ತದೆ. ಬೇಲಿಗೆ ನೇರ ಕರೆಂಟ್ ಕೊಟ್ಟರೆ ಆನೆಯೂ ಸಾಯುತ್ತದೆ, ಮನುಷ್ಯರೂ ಸಾಯುತ್ತಾರೆ. ಅದು ಅಪರಾಧವೂ ಹೌದು.

4. ಸೌದೆ, ಮೇವು: ಇದು ನಮಗೇ ಸಂಬಂಧಿಸಿದ್ದು. ಸಂಘದ ಸಾಲದಲ್ಲಿ ಕುರಿ, ದನ ಕೊಳ್ಳುತ್ತೇವೆ. ಮೇಯಲು ಕಾಡಿಗೆ ಬಿಡುತ್ತೇವೆ. ಅಂಚಿನ ಹುಲ್ಲು, ಎಳೆ ಗಿಡ ಹೋದ ಜಾಗವನ್ನು ಲಂಟಾನ ಪೊದೆ ಆಕ್ರಮಿಸುತ್ತದೆ. ಅದು ಆನೆಗೂ ಮೇವಲ್ಲ, ದನಕ್ಕೂ ಮೇವಲ್ಲ. ಕಾಡು ಅಂಚಿನಿಂದಲೇ ಸವೆಯುತ್ತದೆ.

ತುಂಡಿನೊಳಗೆ ಸಿಕ್ಕಿಕೊಂಡ ಪ್ರಾಣಿಗಳು ಬೇರೆ ಗುಂಪಿನೊಂದಿಗೆ ಸೇರಲಾರವು. ರಕ್ತಸಂಬಂಧದಲ್ಲೇ ಮರಿ ಹಾಕಿ ಹಾಕಿ ಸಂತತಿ ಬಲ ಕಳೆದುಕೊಳ್ಳುತ್ತದೆ.

ಹಾಗಾದರೆ ನಮಗೆ ರಸ್ತೆ ಬೇಡ್ವಾ?

ಬೇಕು. ಹೆರಿಗೆ ನೋವು ಬಂದವಳನ್ನು ಆಸ್ಪತ್ರೆಗೆ ಸೇರಿಸಲು, ಮಕ್ಕಳು ಶಾಲೆಗೆ ಹೋಗಲು ರಸ್ತೆ ಬೇಕೇ ಬೇಕು. ಕಾಡು ಉಳಿಸುವ ಭಾರವನ್ನೆಲ್ಲಾ ಬಡವರ ತಲೆಗೇ ಹೊರಿಸುವುದು ನ್ಯಾಯವಲ್ಲ. ಕೇಳಬೇಕಾದ ಪ್ರಶ್ನೆ: ಎಲ್ಲಿ? ಹೇಗೆ?

ದಾರಿಗಳಿವೆ. ಬಂಡೀಪುರದ ಹೆದ್ದಾರಿಗಳಲ್ಲಿ 2009ರಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರ ನಿಲ್ಲಿಸಲಾಯಿತು. ಆಂಬುಲೆನ್ಸಿಗೆ, ಕೆಲವು ಬಸ್ಸುಗಳಿಗೆ ಬಿಡುವು ಕೊಟ್ಟರು. ರಸ್ತೆಯೂ ಉಳಿಯಿತು, ರಾತ್ರಿ ಪ್ರಾಣಿಗಳಿಗೆ ದಾರಿಯೂ ಸಿಕ್ಕಿತು. ಕೊಳ್ಳೇಗಾಲದ ಕಡೆ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಆನೆ ದಾರಿಯಲ್ಲಿದ್ದ ಸುಮಾರು 25 ಎಕರೆ ಜಮೀನನ್ನು ಸ್ವಯಂಸೇವಾ ಸಂಸ್ಥೆಗಳು ಹಣ ಕೊಟ್ಟು ಕೊಂಡು ಕಾಡಿಗೆ ಬಿಟ್ಟುಕೊಟ್ಟವು. ಬಂಡೀಪುರದ ಸುತ್ತ ಕೃಪಾಕರ–ಸೇನಾನಿ ಅವರು ಕಟ್ಟಿದ 'ನಮ್ಮ ಸಂಘ' ಸಾವಿರಾರು ಮನೆಗಳಿಗೆ ಅಡುಗೆ ಗ್ಯಾಸ್ ಸಿಗುವಂತೆ ಮಾಡಿತು. ಸೌದೆ ಹೊರೆ ಇಳಿಯಿತು, ಹೊಗೆಯೂ ತಪ್ಪಿತು.

ನಮ್ಮ ಸಂಘ ಏನು ಮಾಡಬಹುದು?

• ಗ್ರಾಮಸಭೆಗೆ ಎಲ್ಲರೂ ಒಟ್ಟಿಗೆ ಹೋಗೋಣ. ಹೊಸ ರಸ್ತೆ, ಲೈನ್, ಕಟ್ಟಡದ ಮಾತು ಬಂದಾಗ "ಇದು ಆನೆ ದಾರಿಗೆ ಅಡ್ಡ ಬರುತ್ತದಾ? ಬೇರೆ ಜಾಗ ಇದೆಯಾ?" ಎಂದು ಕೇಳಿ, ನಡಾವಳಿಯಲ್ಲಿ ಬರೆಸೋಣ.
• ಹಸು ಸಾಲ ಕೊಡುವ ಮೊದಲು ಮೇವು ಎಲ್ಲಿಂದ ಎಂದು ಕೇಳೋಣ. ಬದುವಿನಲ್ಲಿ ಮೇವಿನ ಹುಲ್ಲು ಬೆಳೆಸೋಣ.
• ಗ್ಯಾಸ್ ಸಿಲಿಂಡರ್ ತುಂಬಿಸಲು ಕೈಯಲ್ಲಿ ಕಾಸಿಲ್ಲದ ತಿಂಗಳು ಸದಸ್ಯರಿಗೆ ಸಣ್ಣ ಸಾಲ ಕೊಡೋಣ.
• ಬೆಳೆ ಹಾನಿಯಾದರೆ ತಡಮಾಡದೆ ಫೋಟೋ, ಪಹಣಿ ಸಮೇತ ಅರಣ್ಯ ಇಲಾಖೆಗೆ ಅರ್ಜಿ ಹಾಕೋಣ. ಪರಿಹಾರ ಭಿಕ್ಷೆಯಲ್ಲ, ಹಕ್ಕು.

ಗುಂಪು ಚರ್ಚೆಗೆ

1. ನಮ್ಮ ಊರಿನ ಹಿರಿಯರಿಗೆ ಗೊತ್ತಿರುವ ಆನೆ ದಾರಿ ಯಾವುದು? ಈಗ ಅಲ್ಲಿ ಏನಿದೆ?
2. ಕಳೆದ ಹತ್ತು ವರ್ಷಗಳಲ್ಲಿ ನಮ್ಮೂರಿಗೆ ಬಂದ ಯಾವ ಕಾಮಗಾರಿ ಬೇರೆ ಜಾಗದಲ್ಲಿ ಆಗಬಹುದಿತ್ತು?
3. ರಾತ್ರಿ ಹೊಲ ಕಾಯುವ ಮನೆಗಳಲ್ಲಿ ಹೆಂಗಸರು, ಮಕ್ಕಳಿಗೆ ಏನೇನು ತೊಂದರೆ ಆಗುತ್ತಿದೆ?

ಉತ್ತರಗಳನ್ನು ಸಂಘದ ಪುಸ್ತಕದಲ್ಲಿ ಬರೆದಿಡಿ. ಮುಂದಿನ ಗ್ರಾಮಸಭೆಗೆ ಆ ಪುಸ್ತಕವನ್ನೇ ತೆಗೆದುಕೊಂಡು ಹೋಗೋಣ.