ಪ್ಯಾರಿಷ್ ಪಾದ್ರಿ: ಪದಾಧಿಕಾರಿಯೇ, ನೌಕರನೇ?

ಇಂಗ್ಲಿಷ್ ಸಾಹಿತ್ಯಪಾಠಗಳಲ್ಲಿ ‘ರೆಕ್ಟರ್’, ‘ವಿಕಾರ್’ ಎಂಬ ಪದಗಳು ಮತ್ತೆ ಮತ್ತೆ ಬರುತ್ತವೆ. ಎರಡಕ್ಕೂ ‘ಪಾದ್ರಿ’ ಎಂಬ ಒಂದೇ ಅರ್ಥ ಹೇಳಿ ಮುಂದೆ ಸಾಗಿದರೆ ಅವುಗಳ ಹಿಂದಿರುವ ಕಾನೂನು ಮರೆಯಾಗುತ್ತದೆ.

ಪ್ಯಾರಿಷ್ ಎಂದರೆ ಒಂದು ಚರ್ಚಿಗೆ ಸೇರಿದ, ಎಲ್ಲೆ ಗೊತ್ತಾದ ಪ್ರದೇಶ. ಹಿಂದೆ ಅಲ್ಲಿನ ಉತ್ಪನ್ನದ ಹತ್ತರಲ್ಲೊಂದು ಪಾಲು ದಶಾಂಶವಾಗಿ ಚರ್ಚಿಗೆ ಸಲ್ಲುತ್ತಿತ್ತು. ಅದನ್ನು ಪೂರ್ಣವಾಗಿ ಪಡೆಯುವವನು ರೆಕ್ಟರ್. ಮಠವೊಂದು ಧಾನ್ಯದ ದಶಾಂಶವನ್ನು ತಾನಿರಿಸಿಕೊಂಡು, ಉಳಿದ ಸಣ್ಣ ದಶಾಂಶದ ಮೇಲೆ ಪೂಜಾಕಾರ್ಯಕ್ಕೆ ನೇಮಿಸಿದ ಪ್ರತಿನಿಧಿಯೇ ವಿಕಾರ್. ದಶಾಂಶ ಅಳಿಯಿತು, ಹೆಸರುಗಳು ಉಳಿದವು.

ಕಾನೂನಿನ ದೃಷ್ಟಿಯಲ್ಲಿ ಪಾದ್ರಿ ಪದಾಧಿಕಾರಿ, ಬಿಷಪ್ಪರ ನೌಕರನಲ್ಲ. ಚರ್ಚು ಹಾಗೂ ಪಾದ್ರಿಮನೆಯ ಮೇಲಿನ ‘ಫ್ರೀಹೋಲ್ಡ್’ ಹಕ್ಕಿನ ಬಲದಿಂದ ಆತನನ್ನು ಬಿಷಪ್ಪರು ಇಚ್ಛೆ ಬಂದಂತೆ ತೆಗೆಯುವಂತಿರಲಿಲ್ಲ. ಈ ಸ್ವಾತಂತ್ರ್ಯಕ್ಕೆ ಬೆಲೆಯೂ ಇತ್ತು: ನೌಕರನಲ್ಲದವನಿಗೆ ನೌಕರರ ಕಾನೂನುರಕ್ಷಣೆ ದೊರೆಯದು. ವೂಸ್ಟರ್ ಧರ್ಮಪ್ರಾಂತ್ಯದ ರೆಕ್ಟರರೊಬ್ಬರು ಆ ರಕ್ಷಣೆಯನ್ನು ಕೋರಿದಾಗ, 2015ರಲ್ಲಿ ಮೇಲ್ಮನವಿ ನ್ಯಾಯಾಲಯವು ಅವರು ನೌಕರರಲ್ಲವೆಂದೇ ತೀರ್ಪಿತ್ತಿತು. 2011ರಿಂದ ಹೊಸ ನೇಮಕಗಳಿಗೆ ‘ಕಾಮನ್ ಟೆನ್ಯೂರ್’ ಅನ್ವಯಿಸುತ್ತದೆ. ಇದರಡಿ, ಅಸಮರ್ಥರೆಂದು ಪದಚ್ಯುತರಾದವರು ಉದ್ಯೋಗ ನ್ಯಾಯಮಂಡಳಿಯ ಮೊರೆಹೋಗಬಹುದು.

ಪದವಿಯೊಡನೆ ಹೊಣೆಯೂ ಬರುತ್ತದೆ. ಪಾದ್ರಿಯ ಹೊಣೆ ಚರ್ಚಿಗೆ ಬರುವವರಿಗಷ್ಟೇ ಸೀಮಿತವಲ್ಲ. ಪ್ಯಾರಿಷಿನ ನಿವಾಸಿಗಳಿಗೆ, ಅವರು ಭಕ್ತರಾಗಿರಲಿ ಇಲ್ಲದಿರಲಿ, ಅಲ್ಲಿನ ಚರ್ಚಿನಲ್ಲಿ ಮದುವೆಯಾಗುವ ಹಕ್ಕು ಸಾಮಾನ್ಯವಾಗಿ ಇದೆ. ಸ್ಥಳವಿದ್ದಲ್ಲಿ ಚರ್ಚಿನಂಗಳದಲ್ಲಿ ಸಮಾಧಿಯ ಹಕ್ಕೂ ಇದೆ.

ಚರ್ಚೆಗೆ: ಸ್ವಾತಂತ್ರ್ಯ, ರಕ್ಷಣೆ — ಪದಾಧಿಕಾರಿಗೆ ಇವುಗಳಲ್ಲಿ ಯಾವುದು ಹೆಚ್ಚು ಅಗತ್ಯ? ಮಕ್ಕಳು ಕಾರಣಸಹಿತ ಉತ್ತರಿಸಲಿ.